ಇನ್ಸುಲಿನ್ ವೆಚ್ಚವನ್ನು ಭರಿಸುವವರು ಯಾರು? – ಸಣ್ಣ ಉದ್ದಿಮೆಗಳಿಗೊಂದು ವಿಮಾ ಲೆಕ್ಕ

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ವರ್ತಕರು, ಸಣ್ಣ ಉದ್ದಿಮೆದಾರರು ತಮ್ಮ ಲೆಕ್ಕದ ಪುಸ್ತಕದಲ್ಲಿ ಬಾಡಿಗೆ, ವಿದ್ಯುತ್, ಸಾಗಣೆ, ಕೂಲಿ ಮುಂತಾದ ಬಾಬ್ತುಗಳನ್ನು ತಪ್ಪದೆ ನಮೂದಿಸುತ್ತಾರೆ. ಆದರೆ ಒಂದು ವೆಚ್ಚ ಮಾತ್ರ ಯಾವ ಬಾಬ್ತಿನಲ್ಲಿಯೂ ಕಾಣಿಸದೆ ನೌಕರರ ಮುಂಗಡ ಖಾತೆಯಲ್ಲಿ ಅಡಗಿರುತ್ತದೆ. ತಿಂಗಳ ಇಪ್ಪತ್ತನೆಯ ತಾರೀಖಿನ ಸುಮಾರಿಗೆ ಅಕ್ಕಿ ಗಿರಣಿಯ ನೌಕರನೋ ಲೇತ್ ಯಂತ್ರದ ಕೆಲಸಗಾರನೋ ಐನೂರು ರೂಪಾಯಿ ಕೈಗಡ ಕೇಳುವುದು ಹೊಸತೇನಲ್ಲ. ಆ ಹಣ ಹಲವು ಸಲ ಹೋಗುವುದು ಔಷಧಿ ಅಂಗಡಿಗೆ, ಇನ್ಸುಲಿನ್ ಸೀಸೆಯೊಂದಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿತು. ಇವರಲ್ಲಿ ಹೆಚ್ಚಿನವರು ಮಾತ್ರೆಯಿಂದಲೇ ನಿಭಾಯಿಸುತ್ತಾರೆ. ಚುಚ್ಚುಮದ್ದು ಅಗತ್ಯವಾದವರಿಗೆ ಅದು ದಿನನಿತ್ಯದ, ಬಹುಪಾಲು ಜೀವನಪರ್ಯಂತದ ಖರ್ಚು. ಈ ಖರ್ಚನ್ನು ಯಾವ ವಿಮೆ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬ ಬಗ್ಗೆ ವರ್ತಕ ವಲಯದಲ್ಲಿ ತಪ್ಪು ತಿಳಿವಳಿಕೆಯೇ ಅಧಿಕ.

ಬೆಲೆ ನಿಗದಿಯಾಗುವ ಬಗೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟ್ ಹಕ್ಕನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಹಕ್ಕು ಅಗ್ಗವಾಯಿತೇ ಹೊರತು ಔಷಧ ಅಗ್ಗವಾಗಲಿಲ್ಲ. ಭಾರತದ ಮಾರುಕಟ್ಟೆ ಬಹುಕಾಲ ವಿದೇಶಿ ಕಂಪನಿಗಳ ಹಿಡಿತದಲ್ಲಿತ್ತು. 2003ರಲ್ಲಿ ವೊಕಾರ್ಡ್, 2004ರಲ್ಲಿ ಬೆಂಗಳೂರಿನ ಬಯೋಕಾನ್ ಸ್ವದೇಶಿ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದ ಮೇಲೆ ಪೈಪೋಟಿ ಏರ್ಪಟ್ಟಿತು. ಬಂಗಾರಪೇಟೆಯಿಂದ ಸುಮಾರು 70 ಕಿ.ಮೀ. ದೂರದ ನಗರದಲ್ಲಿಯೇ ಔಷಧ ತಯಾರಾಗುತ್ತಿರುವಾಗ ಇಲ್ಲಿನ ರೋಗಿಗೆ ಅದು ಕೈಗೆಟುಕದೆಂಬುದು ವಿಚಿತ್ರವೇ ಸರಿ.

ಮಾನವ ಇನ್ಸುಲಿನ್ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆದ್ದರಿಂದ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಅದಕ್ಕೆ ಗರಿಷ್ಠ ಬೆಲೆ ಗೊತ್ತುಪಡಿಸುತ್ತದೆ. ಮಾರುಕಟ್ಟೆಯಲ್ಲಿನ ಸರಾಸರಿ ಬೆಲೆಗೆ ಚಿಲ್ಲರೆ ವ್ಯಾಪಾರಿಯ ಶೇ. 16 ಲಾಭಾಂಶ ಸೇರಿಸಿ ಈ ಮಿತಿಯನ್ನು ನಿರ್ಧರಿಸಿ, ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪರಿಷ್ಕರಿಸಲಾಗುತ್ತದೆ. ದೀರ್ಘಾವಧಿ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ಈ ಪಟ್ಟಿಗೆ ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು ತಯಾರಕರು ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ದಿನಕ್ಕೆ 40 ಯೂನಿಟ್ ಬೇಕಾದ ಒಬ್ಬ ರೋಗಿಗೆ ತಿಂಗಳಿಗೆ 1,200 ಯೂನಿಟ್ ಬೇಕು. 10 ಮಿ.ಲೀ. ವಯಲ್‌ನಲ್ಲಿ ಪ್ರತಿ ಮಿ.ಲೀ.ಗೆ 40ರಂತೆ 400 ಯೂನಿಟ್ ಇರುವುದರಿಂದ ಮೂರು ವಯಲ್ ಸಾಕು. ಒಂದಕ್ಕೆ 150 ರೂಪಾಯಿ ಎಂದು ಹಿಡಿದರೆ 450 ರೂಪಾಯಿ. ಅದೇ ಔಷಧವನ್ನು ಪೆನ್ ಸಾಧನದಲ್ಲಿ ತೆಗೆದುಕೊಂಡರೆ 300 ಯೂನಿಟ್‌ನ ಕಾರ್ಟ್ರಿಡ್ಜ್ ನಾಲ್ಕು ಬೇಕಾಗುತ್ತದೆ, ಯೂನಿಟ್‌ವಾರು ಬೆಲೆಯೂ ಹೆಚ್ಚು. ಗ್ಲಾರ್ಜಿನ್‌ನಂತಹ ಹೊಸ ಬಗೆಯದಾದರೆ ಯೂನಿಟ್‌ವಾರು ಬೆಲೆ ಹಲವು ಪಟ್ಟು. ಇದಲ್ಲದೆ ಸಿರಿಂಜು, ಸೂಜಿ, ರಕ್ತಪರೀಕ್ಷೆಯ ಪಟ್ಟಿ. ಪಟ್ಟಿಯ ಖರ್ಚು ಕೆಲವೊಮ್ಮೆ ಔಷಧವನ್ನೂ ಮೀರುತ್ತದೆ.

ಔಷಧಿ ವ್ಯಾಪಾರಿಗಳ ಕಷ್ಟವನ್ನೂ ಇಲ್ಲಿ ಹೇಳಬೇಕು. 150 ರೂಪಾಯಿಯ ವಯಲ್‌ನಲ್ಲಿ ಉಳಿಯುವುದು ಇಪ್ಪತ್ತು ರೂಪಾಯಿ. ಅದಕ್ಕಾಗಿ 2ರಿಂದ 8 ಡಿಗ್ರಿ ಶೈತ್ಯವನ್ನು ಹಗಲಿರುಳು ಕಾಯ್ದುಕೊಳ್ಳಬೇಕು. ಅಗ್ಗದ ವಯಲ್ ಕಪಾಟಿನಲ್ಲಿ ವಿರಳವಾಗಿ, ದುಬಾರಿ ಪೆನ್ ಸುಲಭವಾಗಿ ದೊರೆಯುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ವೈದ್ಯರ ಒಪ್ಪಿಗೆಯಿದ್ದಲ್ಲಿ ವಯಲ್‌ಗೆ ಹಿಂದಿರುಗುವುದು ಖರ್ಚು ತಗ್ಗಿಸುವ ನೇರ ದಾರಿ. ಆದರೆ 40ರ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು. 100ರದಕ್ಕೆ ಕಿತ್ತಳೆ ಬಣ್ಣದ್ದು. ಅದಲುಬದಲಾದರೆ ಪ್ರಮಾಣವು ಎರಡೂವರೆ ಪಟ್ಟು ಏರುಪೇರಾಗಿ ಪ್ರಾಣಾಪಾಯವುಂಟು.

ಮೆಡಿಕ್ಲೇಮ್ ನಿಲ್ಲುವ ಸ್ಥಳ

ವರ್ಷಕ್ಕೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಕಂತು ಕಟ್ಟುವ ವರ್ತಕನು ತನ್ನ ಇನ್ಸುಲಿನ್ ಬಿಲ್ಲನ್ನು ಕಂಪನಿಗೆ ಕಳುಹಿಸಿ ತಿರಸ್ಕೃತನಾಗಿ ಸಿಟ್ಟಾಗುವುದುಂಟು. ಕಂಪನಿಯ ತಪ್ಪು ಇಲ್ಲಿ ಕಡಿಮೆ. ಸಾಮಾನ್ಯ ಆರೋಗ್ಯ ವಿಮೆಯು ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ ಸಂಬಂಧಿಸಿದ್ದು. ಮನೆಯಲ್ಲಿ ಚುಚ್ಚಿಕೊಳ್ಳುವ ಔಷಧವು ಹೊರರೋಗಿ ವೆಚ್ಚವೆನಿಸುತ್ತದೆ. ಎಲ್ಲ ಕಂಪನಿಗಳೂ ಮಾರಬೇಕೆಂದು 2020ರಲ್ಲಿ ಜಾರಿಗೆ ತಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ದಾಖಲಾತಿಗೆ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಸಂಬಂಧಿತ ಔಷಧಕ್ಕೆ ಮಾತ್ರ ಅವಕಾಶ. ಕಾಲಿನ ಹುಣ್ಣು ಕೊಳೆತು ದಾಖಲಾದರೆ ಕಂಪನಿ ಲಕ್ಷ ರೂಪಾಯಿ ಕೊಡಬಹುದು. ಆ ಹುಣ್ಣನ್ನು ತಡೆಯುವ ತಿಂಗಳ 450 ರೂಪಾಯಿಯನ್ನು ಕೊಡದು.

ಹೊರರೋಗಿ ವೆಚ್ಚವನ್ನು ಸೇರಿಸುವ ಹೆಚ್ಚುವರಿ ಪಾಲಿಸಿಗಳೂ ಇವೆ. ಅವುಗಳ ವಾರ್ಷಿಕ ಮಿತಿಯನ್ನು ಹೆಚ್ಚುವರಿ ಕಂತಿನೊಡನೆ ಹೋಲಿಸಿ ನೋಡಿದರೆ ಅನೇಕ ಬಾರಿ ವರ್ತಕನ ಹಣವೇ ವರ್ತಕನಿಗೆ ಹಿಂದಿರುಗುವುದು ಕಾಣುತ್ತದೆ.

ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಸತತ ಐದು ವರ್ಷ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಹಕ್ಕುಸಾಧನೆಯನ್ನು ನಿರಾಕರಿಸುವಂತಿಲ್ಲ. ಹಾಗೆಂದು ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮರೆಮಾಚುವಂತೆ ಏಜೆಂಟರು ಹೇಳಿದರೆ ಕೇಳತಕ್ಕದ್ದಲ್ಲ. ಆ ಐದು ವರ್ಷದೊಳಗೆ ಆಸ್ಪತ್ರೆ ಸೇರಬೇಕಾದರೆ ಕಟ್ಟಿದ ಕಂತೆಲ್ಲ ನೀರುಪಾಲು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿನ ಶೇ. 18 ಜಿ.ಎಸ್.ಟಿ. ರದ್ದಾಯಿತು; ಸಂಸ್ಥೆಗಳು ನೌಕರರಿಗಾಗಿ ಕೊಳ್ಳುವ ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸಲಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ದಾಖಲಾತಿ ಚಿಕಿತ್ಸೆಗೆ ಸೀಮಿತ.

ಇ.ಎಸ್.ಐ. ಮತ್ತು ಎರಡು ಗೆರೆಗಳು

ದಿನನಿತ್ಯದ ಇನ್ಸುಲಿನ್ ಅನ್ನು ಕೊಡುವ ವಿಮೆ ಈ ಭಾಗದ ಕಾರ್ಮಿಕನಿಗೆ ಮುಖ್ಯವಾಗಿ ಒಂದೇ: 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮಾ ಯೋಜನೆ. ಇಲ್ಲಿ ಹೊರರೋಗಿ ಚಿಕಿತ್ಸೆಗೂ ಔಷಧಕ್ಕೂ ಹಣದ ಮಿತಿಯಿಲ್ಲ, ಕಾಯುವ ವರ್ಷಗಳಿಲ್ಲ, ಮೊದಲೇ ಕಾಯಿಲೆ ಇತ್ತೆಂಬ ಆಕ್ಷೇಪವಿಲ್ಲ. ಪತ್ನಿ, ಮಕ್ಕಳು, ಅವಲಂಬಿತ ತಂದೆತಾಯಿಗೂ ಸೌಲಭ್ಯವುಂಟು. 2019ರ ಜುಲೈನಲ್ಲಿ ವಂತಿಗೆಯನ್ನು ಇಳಿಸಿ ಮಾಲೀಕರಿಗೆ ವೇತನದ ಶೇ. 3.25, ನೌಕರರಿಗೆ ಶೇ. 0.75 ಎಂದು ಗೊತ್ತುಪಡಿಸಲಾಯಿತು. 12,000 ರೂಪಾಯಿ ವೇತನದವನಿಗೆ ಮಾಲೀಕರ ಪಾಲು 390, ನೌಕರನದು 90. ಮೂರು ವಯಲ್‌ನ 450 ರೂಪಾಯಿಯೊಡನೆ ಈ 90ನ್ನು ಇಟ್ಟು ನೋಡಿದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಚಿಕಿತ್ಸಾಲಯದಲ್ಲಿ ದಾಸ್ತಾನು ಮುಗಿದಿರುವ ದಿನಗಳೂ ಉಂಟು, ನಿಜ. ಅಂಥ ಸಂದರ್ಭದಲ್ಲಿ ವೈದ್ಯರ ಚೀಟಿಯಲ್ಲಿ ಆ ವಿಷಯವನ್ನು ಬರೆಸಿಕೊಂಡು, ಹೊರಗೆ ಕೊಂಡ ರಶೀದಿಯನ್ನು ಜೋಪಾನ ಮಾಡಿ ಮರುಪಾವತಿ ಕೇಳಬೇಕು.

ಈ ಯೋಜನೆಗೆ ಎರಡು ಗೆರೆಗಳಿವೆ. ಮೊದಲನೆಯದು ಹತ್ತು ನೌಕರರು. ಹತ್ತನ್ನು ಮುಟ್ಟಬಾರದೆಂದು ಒಂದೇ ಛಾವಣಿಯಡಿ ಎರಡು ಫಲಕ ತೂಗಿಸುವ ಪದ್ಧತಿ ಎಲ್ಲ ಪೇಟೆಗಳಲ್ಲೂ ಇದೆ. ತನಿಖೆಯಾದಾಗ ಎರಡನ್ನೂ ಒಂದೆಂದು ಪರಿಗಣಿಸಿ ಹಿಂಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡುವುದೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೂ ಸ್ವಇಚ್ಛೆಯಿಂದ ಸೇರುವ ದಾರಿಯನ್ನು ತೆರೆಯಿತು. ಮಾಲೀಕರು ಹಾಗೂ ಬಹುಪಾಲು ನೌಕರರು ಒಪ್ಪಿದರೆ ಸಾಕು. ಆರೇಳು ಜನರ ಅಂಗಡಿ, ವರ್ಕ್‌ಶಾಪುಗಳೇ ತುಂಬಿರುವ ರಾಬರ್ಟ್‌ಸನ್‌ಪೇಟೆಗೆ ಈ ಅವಕಾಶ ಬಹಳ ಮುಖ್ಯ.

ಎರಡನೆಯ ಗೆರೆ ವೇತನ. 2017ರ ಜನವರಿಯಲ್ಲಿ ಮಿತಿಯನ್ನು 15,000ದಿಂದ 21,000 ರೂಪಾಯಿಗೆ ಏರಿಸಲಾಯಿತು. 20,800 ಪಡೆಯುತ್ತಿದ್ದ ನುರಿತ ಕೆಲಸಗಾರನಿಗೆ ಮಾಲೀಕರು ಮೆಚ್ಚಿ 700 ರೂಪಾಯಿ ಹೆಚ್ಚಿಸಿದರೆ ಅವನು ಗೆರೆ ದಾಟುತ್ತಾನೆ. ಅವನಿಗೂ ತಾಯಿಗೂ ಇನ್ಸುಲಿನ್ ಬೇಕಾಗಿದ್ದರೆ ಆ ಬಡ್ತಿ ನಷ್ಟದ ವ್ಯವಹಾರವಾಗುತ್ತದೆ. ವಂತಿಗೆಯ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಮೊದಲ ದಿನ ಮಿತಿಯೊಳಗಿದ್ದವನು ನಡುವೆ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಯೋಜನೆಯಲ್ಲಿಯೇ ಇರುತ್ತಾನೆ. ವಂತಿಗೆಯನ್ನು ಮಾತ್ರ ಏರಿದ ವೇತನದ ಮೇಲೆ ಕಟ್ಟಬೇಕು. ಹೀಗಾಗಿ ಏಪ್ರಿಲ್ 1ರಂದು ಕೊಟ್ಟ ಬಡ್ತಿ ಅವನನ್ನು ಅಂದೇ ಹೊರಹಾಕಿದರೆ, ಮೇ ತಿಂಗಳಲ್ಲಿ ಕೊಟ್ಟದ್ದು ಸೆಪ್ಟೆಂಬರ್ ಅಂತ್ಯದವರೆಗೆ ಕಾಯುತ್ತದೆ. ಆ ತಿಂಗಳುಗಳಲ್ಲಿ ಬೇರೆ ವಿಮೆಯ ವ್ಯವಸ್ಥೆ ಮಾಡಿಕೊಳ್ಳಬಹುದು. ಅಧಿಕ ದುಡಿಮೆಯ ಭತ್ಯೆ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಹೊಸ ಸಂಹಿತೆಯಲ್ಲಿ ವೇತನದ ವ್ಯಾಖ್ಯೆಯೇ ಬದಲಾಗಿರುವುದರಿಂದ, ಹೊರಗುಳಿದವರು ಪುನಃ ಒಳಬರುತ್ತಾರೆಯೇ ಎಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಒಳಿತು.

ಯೋಜನೆಯ ಹೊರಗಿರುವವರು

ಮಾಲೀಕನು ನೌಕರನಲ್ಲದ ಕಾರಣ ಅವನಿಗೆ ಇ.ಎಸ್.ಐ. ಇಲ್ಲ. ಎಂಟು ಗಂಟೆ ಗಲ್ಲೆಯ ಮೇಲೆ ಕೂರುವ ವರ್ತಕನೇ ಈ ಕಾಯಿಲೆಗೆ ಸುಲಭದ ತುತ್ತೆಂಬುದು ಬೇರೆ ಮಾತು. ಅವನಿಗಿರುವ ದಾರಿ ಮೂರು: ಆಸ್ಪತ್ರೆ ವೆಚ್ಚಕ್ಕೆ ಮೆಡಿಕ್ಲೇಮ್, ದಿನದ ಔಷಧಕ್ಕೆ ವಯಲ್ ಅಥವಾ ಜನೌಷಧಿ ಕೇಂದ್ರ, ಇವೆರಡೂ ಭಾರವಾದರೆ ಸರ್ಕಾರಿ ಆಸ್ಪತ್ರೆ. ಮೂವತ್ತು ವರ್ಷ ಮೀರಿದವರನ್ನು ಮನೆಬಾಗಿಲಲ್ಲೇ ಪರೀಕ್ಷಿಸುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದಲೇ ಆರಂಭವಾಯಿತು.

ವಾರಕ್ಕೊಮ್ಮೆಯ ಹೊಸ ಚುಚ್ಚುಮದ್ದುಗಳ ಬಗ್ಗೆಯೂ ವಿಚಾರಣೆ ಹೆಚ್ಚಿದೆ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಮೌಂಜಾರೊ ಔಷಧದ ಕನಿಷ್ಠ ಪ್ರಮಾಣದ ವಯಲ್‌ಗೆ ಆಗ 3,500 ರೂಪಾಯಿ, ಅಂದರೆ ತಿಂಗಳಿಗೆ 14,000. ಇದೇ ವರ್ಗದ ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು; ಪೈಪೋಟಿಯ ನಂತರದ ಬೆಲೆಯನ್ನು ನೋಡಿ ನಿರ್ಧರಿಸುವುದು ಜಾಣತನ. ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ಇಲ್ಲದವರಿಗೆ ಇವು ಇನ್ಸುಲಿನ್‌ಗೆ ಬದಲಿಯಲ್ಲ.

ನಿವೃತ್ತರ 120 ರೂಪಾಯಿ

ಕೆ.ಜಿ.ಎಫ್.ನಲ್ಲಿ ನಿವೃತ್ತರ ಪ್ರಶ್ನೆಗೆ ಒಂದು ಇತಿಹಾಸವಿದೆ. ಗಣಿಗಳು ಇ.ಎಸ್.ಐ. ಕಾಯಿದೆಯ ಕಾರ್ಖಾನೆ ಎಂಬ ವ್ಯಾಖ್ಯೆಯ ಹೊರಗಿದ್ದವು. ಜಾನ್ ಟೇಲರ್ ಕಂಪನಿಯ ಕಾಲದಿಂದಲೂ ಗಣಿ ಕಾರ್ಮಿಕನಿಗೆ ಕಂಪನಿಯ ಆಸ್ಪತ್ರೆಯೇ ಆಧಾರ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದ ಮೇಲೂ ಹಾಗೆಯೇ ನಡೆಯಿತು. ಉಚಿತವಾಗಿ ದೊರೆಯುವವರೆಗೆ ಬೇರೆ ವಿಮೆಯ ಯೋಚನೆ ಯಾರಿಗೂ ಬರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು; ಆಸ್ಪತ್ರೆಯ ಆಸರೆಯೂ ಅದರೊಡನೆ ಹೋಯಿತು. ಐವತ್ತು ದಾಟಿದ, ಶ್ವಾಸಕೋಶಕ್ಕೆ ಧೂಳು ತುಂಬಿದ, ಸಕ್ಕರೆ ಕಾಯಿಲೆಯೂ ಜೊತೆಗೂಡಿದ ಕಾರ್ಮಿಕರು ಪೂರ್ಣ ಬೆಲೆಯ ಗಿರಾಕಿಗಳಾದರು. ಮರುದಿನದಿಂದ ಬೆಂಗಳೂರಿನ ರೈಲು ಹತ್ತಿದ ಅವರ ಮಕ್ಕಳ ಸಂಬಳವೇ ಹಿರಿಯರಿಗೆ ವಿಮೆಯಾಯಿತು.

ಇ.ಎಸ್.ಐ.ನಲ್ಲಿ ವ್ಯವಸ್ಥೆ ಬೇರೆ. ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಅಥವಾ ಸ್ವಯಂನಿವೃತ್ತಿ ಹೊಂದಿದವನು ತಿಂಗಳಿಗೆ 10 ರೂಪಾಯಿಯಂತೆ ವರ್ಷದ 120 ರೂಪಾಯಿ ಮುಂಗಡ ಕಟ್ಟಿದರೆ ತನಗೂ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ, ಇನ್ಸುಲಿನ್ ಸಹಿತ. ಕಾರ್ಖಾನೆ ನಂತರ ಮುಚ್ಚಿದರೂ ಈ ಹಕ್ಕಿಗೆ ಚ್ಯುತಿಯಿಲ್ಲ, ಏಕೆಂದರೆ ವಿಮೆ ಇರುವುದು ನಿಗಮದಲ್ಲಿ, ಮಾಲೀಕರಲ್ಲಿ ಅಲ್ಲ. ಆದರೆ ಐದು ವರ್ಷದ ದಾಖಲೆ ಬೇಕು. ಇಪ್ಪತ್ತು ವರ್ಷ ದುಡಿದವನನ್ನು ಕೊನೆಯ ಮೂರು ವರ್ಷ ಮಾತ್ರ ಹಾಜರಿ ಪುಸ್ತಕದಲ್ಲಿ ತೋರಿಸಿದ ಗಿರಣಿಯಿಂದ ಹೊರಬಂದವನಿಗೆ ಆ ಬಾಗಿಲು ತೆರೆಯದು. ಐವತ್ತೈದು ದಾಟಿದ ನೌಕರರಿರುವ ಪ್ರತಿ ಸಂಸ್ಥೆಯೂ ಅವರ ವಿಮಾ ಸಂಖ್ಯೆ, ಸೇರಿದ ದಿನಾಂಕ, ಕುಟುಂಬದವರ ಹೆಸರು ನಿಗಮದ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಈಗಲೇ ಪರಿಶೀಲಿಸಿ, ಸೇವಾ ದೃಢೀಕರಣ ಪತ್ರವನ್ನು ಬಿಡುಗಡೆಯ ದಿನವೇ ಕೈಗೆ ಕೊಡತಕ್ಕದ್ದು.