ಆರಿಸಿದ ಟಿವಿ ತಿನ್ನುವ ಕರೆಂಟು



ಈ ಸಲದ ಗೋಡೆ ಪತ್ರಿಕೆಯಲ್ಲಿ ವಿಜ್ಞಾನದ ಪಾಠ ಬರೆಯುವ ಸರದಿ ನನ್ನದು. ಪುಸ್ತಕ ನೋಡಿ ಬರೆಯಬಾರದು, ಮನೆಯಲ್ಲಿ ಮಾಡಿ ನೋಡಿದ್ದನ್ನೇ ಬರೆಯಬೇಕು ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರು. ಹಾಗಾಗಿ ನಮ್ಮ ಮನೆಯ ಕರೆಂಟ್ ಬಿಲ್ಲಿನ ಜಗಳವನ್ನೇ ಬರೆಯುತ್ತಿದ್ದೇನೆ. "ಮನೆ ಜಗಳ ತಗೊಂಡೋಗಿ ಗೋಡೆಗೆ ಅಂಟಿಸ್ತೀಯೇನೇ?" ಅಂತ ಅಮ್ಮ ಬೈದಳು. ಆದರೆ ಆ ಜಗಳ ಆಗದಿದ್ದರೆ ಈ ಪಾಠವೇ ಇರುತ್ತಿರಲಿಲ್ಲ.

2023ರಲ್ಲಿ ಗೃಹಜ್ಯೋತಿ ಬಂದದ್ದು ಎಲ್ಲರಿಗೂ ಗೊತ್ತು. 200 ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಅಂತ ಊರಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ಒಂದು ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿದ್ದರೋ ಅದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ ಆ ಮನೆಯ ಮಿತಿ ಹಾಕಿದರು. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ನೂರಕ್ಕೆ ಹತ್ತರ ಬದಲು ಪೂರ್ತಿ ಹತ್ತು ಯೂನಿಟ್ಟನ್ನೇ ಸೇರಿಸಿ ಕೊಡುವುದೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ನಮ್ಮ ಮನೆಯ ಸರಾಸರಿ 41. ಹತ್ತು ಸೇರಿಸಿದರೆ 51. ಅದರ ಮೇಲೆ ಉರಿಸಿದ ಯೂನಿಟ್ಟಿಗೆಲ್ಲ ನಾವು ದುಡ್ಡು ಕಟ್ಟಬೇಕು.

ಮೊನ್ನೆ ಬಿಲ್ಲಿನಲ್ಲಿ 56 ಅಂತ ಬಂತು. ದೊಡ್ಡ ಮೊತ್ತವೇನಲ್ಲ, ಮೂವತ್ತು ರೂಪಾಯಿ ಆಸುಪಾಸು. ಆದರೆ ಸೊನ್ನೆ ಬಿಲ್ ನೋಡಿ ರೂಢಿಯಾಗಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. "ನೀನು ರಾತ್ರಿಯೆಲ್ಲ ಲೈಟ್ ಉರಿಸ್ಕೊಂಡು ಕೂತ್ರೆ ಇನ್ನೇನಾಗ್ತದೆ? ಒಂಬತ್ತು ಗಂಟೆಗೆಲ್ಲ ಆರ್ಸವ್ವ" ಅಂದರು. ನನಗೆ ಈ ವರ್ಷ ಎಸ್.ಎಸ್.ಎಲ್.ಸಿ. ಹಗಲು ಹೊಲದ ಕೆಲಸ, ಸಂಜೆ ಮನೆ ತುಂಬ ಟಿವಿ ಸದ್ದು. ಓದು ಅಂತ ಆಗುವುದೇ ಒಂಬತ್ತರ ಮೇಲೆ. ಅಳು ಬಂತು. ಆಮೇಲೆ, ಅಳುವುದಕ್ಕಿಂತ ಲೆಕ್ಕ ಹಾಕುವುದೇ ವಾಸಿ ಅನ್ನಿಸಿತು.

ನನ್ನ ಲೈಟು 9 ವ್ಯಾಟಿನ ಎಲ್‌ಇಡಿ ಬಲ್ಬು. ದಿನಕ್ಕೆ 3 ಗಂಟೆ ಉರಿಸಿದರೆ 27 ವ್ಯಾಟ್-ಗಂಟೆ. ಮೂವತ್ತು ದಿನಕ್ಕೆ 810. ಸಾವಿರ ವ್ಯಾಟ್-ಗಂಟೆಗೆ ಒಂದು ಯೂನಿಟ್. ಅಂದರೆ ಇಡೀ ತಿಂಗಳು ಓದಿದರೂ ನಾನು ಒಂದು ಯೂನಿಟ್ ಮುಟ್ಟುವುದಿಲ್ಲ! ಹಾಗಾದರೆ ಮಿಕ್ಕ ಯೂನಿಟ್ ಉರಿಸುತ್ತಿರುವವರು ಯಾರು?

ಮೇಷ್ಟ್ರನ್ನು ಕೇಳಿದೆ. "ನಿಮ್ಮ ಮೀಟರನ್ನೇ ಕೇಳು" ಅಂದರು. ಎಲ್ಲರ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಮಿಣುಕುವ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ 3200. ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ, ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 0.3125 ವ್ಯಾಟ್-ಗಂಟೆ. ಅರ್ಧ ಗಂಟೆ ಕೂತು ಮಿಣುಕು ಎಣಿಸಿ, 0.3125ರಿಂದ ಗುಣಿಸಿ, ಎರಡರಿಂದ ಗುಣಿಸಿದರೆ ಎಷ್ಟು ವ್ಯಾಟ್ ಎಂದು ಸಿಗುತ್ತದೆ. ಯಾವ ವೈರನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಮಣೆ ಹಾಕಿಕೊಂಡು ಮೀಟರಿನ ಮುಂದೆ ಕೂತೆ. ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ, ಅದು ಎಣಿಸುವವರಿಗೆ ಅನುಕೂಲ. ಎಲ್ಲ ಆರಿಸಿ, ಟಿವಿಯನ್ನು ರಿಮೋಟಿನಲ್ಲಿ ಆರಿಸಿದ ಸ್ಥಿತಿಯಲ್ಲಿ ಇಟ್ಟು ಕಾದೆ. ಅರ್ಧ ಗಂಟೆಯಾದರೂ ಒಂದು ಮಿಣುಕೂ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ "ಏನವ್ವಾ, ಮೀಟರ್‌ಗೆ ಪೂಜೆ ಮಾಡ್ತಿದೀಯಾ?" ಅಂತ ಕೇಳಿ ನಕ್ಕರು. ಸೋಮವಾರ ಮೇಷ್ಟ್ರಿಗೆ ಹೇಳಿದಾಗ ಅವರು ಕಾರಣ ತಿಳಿಸಿದರು. ತೀರಾ ಸಣ್ಣ ಕರೆಂಟು ಒಂದೇ ಹರಿದರೆ ಮೀಟರು ಓಡಲು ಶುರುವೇ ಆಗದೆ ಇರಬಹುದು. ಅದಕ್ಕೆ ಒಂದು ಬಲ್ಬು ಉರಿಸಿಟ್ಟು ಎಣಿಸಬೇಕು, ಆಮೇಲೆ ಬಲ್ಬಿನ ಪಾಲು ಕಳೆಯಬೇಕು. (ಹಾಗಾದರೆ ಟಿವಿಯ ಕರೆಂಟು ಪುಕ್ಕಟೆಯಾಯ್ತಲ್ಲ ಅಂತ ನಾನು ಹಿಗ್ಗಿದೆ. ಆದರೆ ಹಗಲು ರಾತ್ರಿ ನಮ್ಮ ದೇವರ ಮನೆಯಲ್ಲಿ ಜೀರೋ ಬಲ್ಬು, ಮಿಕ್ಕ ಪೆಟ್ಟಿಗೆಗಳು ಎಲ್ಲ ಒಟ್ಟಿಗೆ ಇರುತ್ತವೆ. ಎಲ್ಲ ಕೂಡಿದ ಮೇಲೆ ಮೀಟರು ಓಡಿಯೇ ಓಡುತ್ತದೆ.)

ಮುಂದಿನ ಭಾನುವಾರ ನನ್ನ ಓದುವ ಬಲ್ಬನ್ನೇ ಉರಿಸಿಟ್ಟೆ. ಬಲ್ಬು ಒಂದೇ ಇದ್ದಾಗ ಅರ್ಧ ಗಂಟೆಗೆ 14 ಮಿಣುಕು. ಬಲ್ಬಿನ ಜೊತೆ ಆರಿಸಿದ ಟಿವಿ: 16. ಬಲ್ಬಿನ ಜೊತೆ ಅಣ್ಣ ತಂದ ಹೋಮ್ ಥಿಯೇಟರ್ ಪೆಟ್ಟಿಗೆ, ಅದೂ ಆರಿಸಿದ್ದು: 18. ಬಲ್ಬಿನ ಜೊತೆ ಡಿಶ್‌ನ ಸೆಟ್‌ಟಾಪ್ ಬಾಕ್ಸ್, ರಿಮೋಟಿನಲ್ಲಿ ಆರಿಸಿ ಕೆಂಪು ದೀಪ ಉರಿಯುತ್ತಿದ್ದಾಗ: 27! ಮತ್ತೊಮ್ಮೆ ಎಣಿಸಿದೆ, 27. ಅದೇ ಬಾಕ್ಸ್ ಹಸಿರು ದೀಪ ಉರಿಸಿಕೊಂಡು ಕೆಲಸ ಮಾಡುವಾಗ 29. ಅಂದರೆ ರಿಮೋಟಿನಲ್ಲಿ ಆರಿಸಿದರೆ ಉಳಿಯುವುದು ಎರಡೇ ಮಿಣುಕು. ಕೆಂಪು ದೀಪ ಬಂದರೆ ಅದು ಮಲಗಿತು ಅಂತ ನಾವು ತಿಳಿದಿದ್ದೇವೆ, ಅದು ಕಣ್ಣು ಮುಚ್ಚಿಕೊಂಡು ಎಚ್ಚರವಾಗಿಯೇ ಇರುತ್ತದೆ. ಮೊಬೈಲ್ ಚಾರ್ಜರನ್ನು ಸುಮ್ಮನೆ ಚುಚ್ಚಿಟ್ಟು ಎಣಿಸಿದರೆ ವ್ಯತ್ಯಾಸವೇ ಕಾಣಲಿಲ್ಲ. ಚಾರ್ಜರ್ ತೆಗೆಯಲಿಲ್ಲ ಅಂತ ಬೈಸಿಕೊಳ್ಳುವ ಗೆಳೆಯರು ಇದನ್ನು ಮನೆಯಲ್ಲಿ ತೋರಿಸಬಹುದು.

ಒಂದು ಮಿಣುಕು ಹೆಚ್ಚು ಕಡಿಮೆ ಆಗಿರಬಹುದು, ಅದನ್ನು ಒಪ್ಪುತ್ತೇನೆ. ಮೂರೂ ಪೆಟ್ಟಿಗೆ ಸೇರಿ 19 ಮಿಣುಕು, ಅಂದರೆ ಸುಮಾರು 12 ವ್ಯಾಟ್. ಅದರಲ್ಲಿ ಬಾಕ್ಸ್ ಒಂದೇ 8. ನಾವು ಟಿವಿ ನೋಡುವುದು 4 ಗಂಟೆ, ಕರೆಂಟು ಹೋಗುವುದು ಸುಮಾರು 3 ಗಂಟೆ. ಉಳಿದ 17 ಗಂಟೆ ಇವು ಯಾರಿಗೂ ಬೇಡದೆ ಉರಿಯುತ್ತಿರುತ್ತವೆ. 12 ಗುಣಿಸು 17, ಗುಣಿಸು 30. ಉತ್ತರ 6120 ವ್ಯಾಟ್-ಗಂಟೆ, ಆರು ಯೂನಿಟ್ಟಿಗೂ ಸ್ವಲ್ಪ ಜಾಸ್ತಿ! ನನ್ನ ಓದಿಗೆ ಮುಕ್ಕಾಲು ಚಿಲ್ಲರೆ, ನೋಡದ ಟಿವಿಗೆ ಆರು.

ಯಾಕೆ ಹೀಗೆ? ರಿಮೋಟಿನ ಗುಂಡಿ ಯಾವಾಗ ಒತ್ತುತ್ತಾರೋ ಅಂತ ಟಿವಿಯೊಳಗಿನ ಒಂದು ಭಾಗ ಸದಾ ಕಾಯುತ್ತಿರಬೇಕು. ಅದಕ್ಕೆ 230 ವೋಲ್ಟನ್ನು ಇಳಿಸಿ ಕೊಡುವ ಭಾಗವೂ ಜೀವಂತ ಇರಬೇಕು. ಟಿವಿಯಲ್ಲಿ ಅಷ್ಟೇ. ನಮ್ಮ ಬಾಕ್ಸಿನಲ್ಲಿ ಮಾತ್ರ ಕೆಂಪು ದೀಪ ಬಂದ ಮೇಲೂ ಹೆಚ್ಚಿನ ಭಾಗ ಕೆಲಸ ಮಾಡುತ್ತಲೇ ಇರುತ್ತದೆ ಅನ್ನುವುದು ಎಣಿಕೆಯಿಂದಲೇ ಗೊತ್ತಾಗುತ್ತದೆ. ಇದು ನಮ್ಮೂರಿನ ತಾಪತ್ರಯ ಮಾತ್ರವಲ್ಲ. ಆರಿಸಿಟ್ಟ ಯಂತ್ರ ಒಂದು ವ್ಯಾಟಿಗಿಂತ ಹೆಚ್ಚು ತಿನ್ನಬಾರದು ಎಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆ 1999ರಲ್ಲೇ ಸಲಹೆ ಇಟ್ಟಿತು. ಯುರೋಪಿನಲ್ಲಿ 2010ರಿಂದ ಮನೆಬಳಕೆಯ ಹಲವು ವಿದ್ಯುತ್ ಸಾಮಾನುಗಳಿಗೆ ಒಂದು ವ್ಯಾಟ್, 2013ರಿಂದ ಅರ್ಧ ವ್ಯಾಟ್ ಎಂದು ಕಾನೂನೇ ಆಯಿತು.

ಉಪಾಯ ಸುಲಭ: ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಸಾಕೆಟ್ಟಿಗೆ ಸ್ವಿಚ್ಚೇ ಇರುವುದಿಲ್ಲವಂತೆ. ನಮ್ಮಲ್ಲಿ ಇರುತ್ತದೆ. ಆದರೆ ಅದರ ಮುಂದೆ ನಾವು ಶೋಕೇಸ್ ತಂದು ನಿಲ್ಲಿಸಿದ್ದೇವೆ! ನಮ್ಮ ಮನೆ ಸ್ವಿಚ್ಚಿಗೆ ಕೈ ಹೋಗಬೇಕಾದರೆ ಹಲ್ಲಿಗಳ ಜೊತೆ ಗೋಡೆ ಸಂದಿಗೆ ತೂರಬೇಕು. ಶೋಕೇಸ್ ಜರುಗಿಸೋಣ ಎಂದರೆ ಅದರ ಮೇಲೆ ತಾತನ ಫೋಟೋ ಇದೆ, ಅಜ್ಜಿ ಒಪ್ಪಲಿಲ್ಲ.

ಅದಕ್ಕೆ ಅಣ್ಣ ಪೇಟೆಯಿಂದ ಸ್ವಿಚ್ ಇರುವ ಸ್ಪೈಕ್ ಗಾರ್ಡ್ ತಂದ, 450 ರೂಪಾಯಿ. ಮೂರೂ ಪೆಟ್ಟಿಗೆ ಅದಕ್ಕೆ ಚುಚ್ಚಿ, ಅದನ್ನು ಶೋಕೇಸಿನ ಬದಿಗೆ ಅಜ್ಜಿಯ ಕೈಗೆ ಸಿಗುವ ಎತ್ತರದಲ್ಲಿ ಕೂರಿಸಿದೆವು. ಒಂದು ಸ್ವಿಚ್ ಒತ್ತಿದರೆ ಮೂರೂ ಪೂರ್ತಿ ಆಫ್. ಅಪ್ಪ ಕೂಡಲೇ ಲೆಕ್ಕ ಹಾಕಿದರು: "ತಿಂಗಳಿಗೆ ಮೂವತ್ತು ಉಳಿಸೋಕೆ ನಾನೂರೈವತ್ತು! ಹದಿನೈದು ತಿಂಗಳು ಬೇಕಲ್ಲೋ." ಲೆಕ್ಕ ಸರಿಯೇ. ಮಿತಿಯೊಳಗೇ ಇರುವ ಮನೆಯವರಿಗಂತೂ ಇದರಿಂದ ಬಿಲ್ಲಿನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಸ್ವಿಚ್ಚು ಕೈಗೆ ಸಿಗುವ ಮನೆಯಲ್ಲಿ, ಬರೀ ಕರೆಂಟ್ ಉಳಿಸಲು ಇದನ್ನು ಕೊಳ್ಳುವುದು ದಂಡ ಅಂತಲೇ ನನ್ನ ಅಭಿಪ್ರಾಯ.

ಆದರೆ ಸ್ಪೈಕ್ ಗಾರ್ಡಿಗೆ ಇನ್ನೊಂದು ಕೆಲಸ ಇದೆ. ಅದರೊಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆಯಂಥ ಒಂದು ಭಾಗವಿದೆ. ಮಾಮೂಲಿ ವೋಲ್ಟೇಜಿನಲ್ಲಿ ಅದು ಕರೆಂಟನ್ನು ಬಿಡದೆ ಸುಮ್ಮನಿರುತ್ತದೆ. ಲೈನಿನಲ್ಲಿ ಕ್ಷಣಮಾತ್ರಕ್ಕೆ ವೋಲ್ಟೇಜ್ ಚಿಮ್ಮಿದಾಗ ದಾರಿ ತೆರೆದು ಅದನ್ನು ತನ್ನ ಮೂಲಕವೇ ಹರಿಯಬಿಡುತ್ತದೆ, ಟಿವಿಗೆ ಏಟು ಕಡಿಮೆಯಾಗುತ್ತದೆ. ಪ್ರತಿ ಏಟಿಗೂ ಅದು ಸವೆಯುತ್ತದೆ, ಶಾಶ್ವತವಲ್ಲ. ಬರೀ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಈ ಬಿಲ್ಲೆ ಇರುವುದಿಲ್ಲ, ಕೊಳ್ಳುವಾಗ ಕೇಳಿ ನೋಡಿ. ನಮ್ಮೂರಿನ ಲೋ ವೋಲ್ಟೇಜಿಗೂ ಇದು ಮದ್ದಲ್ಲ, ಅದಕ್ಕೆ ಸ್ಟೆಬಿಲೈಜರೇ ಬೇಕು. ಸಿಡಿಲನ್ನಂತೂ ಇದು ತಡೆಯಲಾರದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಬೇಕು, ಜೊತೆಗೆ ಡಿಶ್‌ನ ಕೇಬಲ್ಲನ್ನೂ. ಪ್ಲಗ್ ಕಿತ್ತು ಕೇಬಲ್ ಮರೆಯುವವರೇ ಜಾಸ್ತಿ, ನಾವೂ ಹಾಗೇ ಮಾಡುತ್ತಿದ್ದೆವು.

ಇನ್ನೊಂದು ಎಚ್ಚರಿಕೆ. ನಮ್ಮದರ ಮೇಲೆ 6 ಆಂಪಿಯರ್ ಅಂತ ಇದೆ. 230 ವೋಲ್ಟ್ ಗುಣಿಸು 6, 1380 ವ್ಯಾಟ್. ನೀರು ಕಾಯಿಸುವ 1500 ವ್ಯಾಟಿನ ಕಾಯಿಲನ್ನು ಇದಕ್ಕೆ ಚುಚ್ಚಿದರೆ ವೈರು ಬಿಸಿಯೇರಿ ಅನಾಹುತ ಆದೀತು. ಖಾಲಿ ತೂತು ಇದೆಯಲ್ಲ ಅಂತ ಅಮ್ಮ ಮೊದಲನೇ ದಿನವೇ ಕಾಯಿಲ್ ಹಿಡಿದು ಬಂದಿದ್ದಳು.

ಅಜ್ಜಿಯದು ಬೇರೆಯೇ ತಕರಾರು. ಪೂರ್ತಿ ಆರಿಸಿದ ಬಾಕ್ಸ್ ಮತ್ತೆ ಎದ್ದು ಚಾನೆಲ್ ತೋರಿಸಲು ಎರಡು ಮೂರು ನಿಮಿಷ ಬೇಕು. "ಅಷ್ಟೊತ್ಗೆ ನನ್ ಧಾರಾವಾಹಿ ಸುರುವಾಗೋಯ್ತದೆ ಕಣೇ" ಅಂತ ಒಂದು ವಾರ ಮಾತು ಬಿಟ್ಟಿತ್ತು. ಈಗ ಸಂಜೆ ದೇವರಿಗೆ ದೀಪ ಹಚ್ಚಲು ಎದ್ದಾಗ ಮೊದಲು ಸ್ವಿಚ್ ಹಾಕಿ ಹೋಗುತ್ತದೆ. ಊದಿನಕಡ್ಡಿ ಬೆಳಗಿ ಬರುವಷ್ಟರಲ್ಲಿ ಬಾಕ್ಸ್ ಎದ್ದಿರುತ್ತದೆ. ರಾತ್ರಿ ಸ್ವಿಚ್ ಆರಿಸುವುದೂ ಅಜ್ಜಿಯೇ, ನಾವು ಮರೆತರೂ ಅದು ಮರೆಯುವುದಿಲ್ಲ.

ಈ ತಿಂಗಳ ಬಿಲ್ ಬಂತು. 50 ಬರುತ್ತದೆಂದು ನಾನು ಕಾಪಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬಂದದ್ದು 52. ಹಬ್ಬಕ್ಕೆ ನೆಂಟರು ಬಂದು ನಾಲ್ಕು ದಿನ ಇದ್ದರು, ಮಿಕ್ಸಿ, ಫ್ಯಾನು ಜಾಸ್ತಿ ಓಡಿದವು. ಮಿತಿಯ ಮೇಲೆ ಒಂದು ಯೂನಿಟ್. ಅಪ್ಪ ಬಿಲ್ಲನ್ನು ಎರಡು ಸಲ ನೋಡಿ, ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ನನ್ನ ಲೈಟಿನ ಮಾತು ಎತ್ತಲಿಲ್ಲ. ಈ ಲೇಖನವನ್ನು ರಾತ್ರಿ ಹತ್ತೂವರೆಗೆ ಅದೇ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ನೀವೂ ಎಣಿಸುವುದಾದರೆ ಮೊದಲು ನಿಮ್ಮ ಮೀಟರಿನ ಸಂಖ್ಯೆ ನೋಡಿ. ಕೆಲವದರಲ್ಲಿ 1600, ಕೆಲವದರಲ್ಲಿ 6400 ಇರುತ್ತದೆ, ನನ್ನ 0.3125 ಅಲ್ಲಿಗೆ ಹೊಂದುವುದಿಲ್ಲ. ಎಣಿಸಿದ್ದನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಸಿಕ್ಕಿಸಿ. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಕಂಪ್ಯೂಟರ್ ಕೋಣೆಯದನ್ನು ಎಣಿಸಲು ಮೇಷ್ಟ್ರು ಒಪ್ಪಿದ್ದಾರೆ. ಇಬ್ಬರು ಜೊತೆಗೆ ಬೇಕು, ಅರ್ಧ ಗಂಟೆ ಮಾತಾಡದೆ ಕೂರಬಲ್ಲವರು.