ಸಾಳ ನದಿಯ ಮರಳ ಒಡ್ಡು



ಹೊಲಕ್ಕೆ ಒಡ್ಡು ಹಾಕುವುದು ನಮಗೆಲ್ಲ ಗೊತ್ತಿರುವ ಕೆಲಸ. ಸಮುದ್ರವೂ ತನ್ನ ದಂಡೆಯಲ್ಲಿ ಮರಳಿನ ಒಡ್ಡನ್ನು ಕಟ್ಟುವುದುಂಟು. ಅದರ ಮರೆಯಲ್ಲಿ ಭತ್ತ ಬೆಳೆದು ಬಾಳುವ ಊರುಗಳೂ ಉಂಟು. ದಕ್ಷಿಣ ಗೋವೆಯಲ್ಲಿ ಸಾಳ ನದಿಯ ಮುಖದಲ್ಲಿರುವ ಮೋಬೋರಿನ ಮರಳ ಕೋಡಿ ಇದಕ್ಕೆ ಒಳ್ಳೆಯ ಉದಾಹರಣೆ.

ನದಿಯನ್ನು ತಿರುಗಿಸಿದ ಮರಳು

ಸಾಳ ನದಿಯು ಸಾಸಷ್ಟಿ ತಾಲೂಕಿನ ವೆರ್ಣಾ ಊರಿನ ಕಡೆ ಹುಟ್ಟುವುದು. ಪಶ್ಚಿಮಕ್ಕೆ ಸಮುದ್ರ ಹತ್ತಿರವೇ ಇದ್ದರೂ ಅದು ನೇರವಾಗಿ ಹೋಗಿ ಸೇರದು. ದಂಡೆಗುಂಟ ದಕ್ಷಿಣಕ್ಕೆ ಹರಿದು, ಬೇತುಲದ ಬಳಿ ಕಡಲಿಗೆ ಬೀಳುವುದು. ಅಡ್ಡ ನಿಂತಿರುವುದು ಮರಳು. ಕೋಲ್ವಾ, ಬಾಣಾವಲಿ, ವಾರ್ಕಾ, ಕಾವೆಲೊಸಿಂ ಊರುಗಳ ಮುಂದೆ ಉದ್ದಕ್ಕೂ ಚಾಚಿದ ಈ ಪಟ್ಟಿ, ಮೋಬೋರಿನಲ್ಲಿ ನಾಲಿಗೆಯಂತೆ ಕಿರಿದಾಗಿ ಮುಗಿಯುವುದು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ಹೊಳೆಯಾಚೆ ಬೇತುಲದ ಗುಡ್ಡ. ಪರಶುರಾಮನ ಬಾಣ ಬಿದ್ದು ಕಡಲು ಹಿಂದೆ ಸರಿದ ಊರೇ ಬಾಣಾವಲಿ ಎಂಬ ಐತಿಹ್ಯವಿದೆ.

ಮರಳು ಇಲ್ಲಿ ಕೂಡಿದುದು ಹೇಗೆ? ಅಲೆಗಳು ದಂಡೆಗೆ ಓರೆಯಾಗಿ ಬಡಿದಾಗ ಮರಳು ದಂಡೆಗುಂಟ ಸ್ವಲ್ಪ ಸ್ವಲ್ಪವೇ ಸರಿಯುವುದು. ನದೀಮುಖ ಬಂದಲ್ಲಿ ನೀರಿನ ಸೆಳೆತ ಬದಲಾಗಿ ಅಲ್ಲಿಯೇ ನೆಲೆಯೂರುವುದು. ಗಾಳಿ ಅದನ್ನು ದಿಣ್ಣೆಯಾಗಿ ಏರಿಸುವುದು. ಅಡಂಬು ಬಳ್ಳಿ ಮತ್ತು ರಾವಣನ ಮೀಸೆ ಎಂಬ ಹುಲ್ಲು ಬೇರು ಬಿಟ್ಟು ಹಿಡಿದುಕೊಳ್ಳುವುವು. ಮುಂಗಾರಿನ ಅಲೆಗಳು ದಂಡೆಯನ್ನು ಕೊರೆದು ಮರಳನ್ನು ಒಯ್ಯುವುವು. ಮಳೆಗಾಲ ಕಳೆದ ಮೇಲೆ ಶಾಂತ ಅಲೆಗಳು ಬಹುಪಾಲು ಹಿಂದಕ್ಕೆ ತರುವುವು. ದಿಣ್ಣೆಯೆಂದರೆ ಕಷ್ಟಕಾಲಕ್ಕೆಂದು ಹಗೇವಿನಲ್ಲಿ ಇಟ್ಟ ಕಾಳಿನಂತೆ. ಉಡುಪಿಯ ಕೋಡಿಬೆಂಗ್ರೆ, ಮಂಗಳೂರಿನ ಬೆಂಗ್ರೆ, ಕಾಸರಗೋಡು ಜಿಲ್ಲೆಯ ವಲಿಯಪರಂಬ ಇವೂ ಇದೇ ಜಾತಿಯ ನೆಲಗಳು.

ಮರಳ ಹಿಂದೆ ಮಣ್ಣಿನ ಒಡ್ಡು

ಸಾಳ ನದಿಯೊಳಕ್ಕೆ ದಿನಕ್ಕೆ ಎರಡು ಸಲ ಉಬ್ಬರದ ಉಪ್ಪುನೀರು ಏರುವುದು. ಅಸೋಳ್ಣಾ, ಚಿಂಚಿಣಿ, ಕಾರ್ಮೋಣಾ ಮುಂತಾದ ಊರುಗಳ ಹಿರಿಯರು ಹೊಳೆಯಂಚಿಗೆ ಮಣ್ಣು, ಹುಲ್ಲು, ಜಂಬಿಟ್ಟಿಗೆಗಳಿಂದ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡರು. ಇವಕ್ಕೆ ಖಾಜನ ಎಂದು ಹೆಸರು. ನಮ್ಮ ಕುಮಟೆಯ ಕಡೆ ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳೂ ಹೀಗೆಯೇ. ಒಡ್ಡಿನಲ್ಲಿ ಮಾನಸ ಎಂಬ ತೂಬು ಇರುವುದು. ಅದರ ಮರದ ಬಾಗಿಲು ಉಬ್ಬರಕ್ಕೆ ತಾನೇ ಮುಚ್ಚುವುದು, ಇಳಿತಕ್ಕೆ ತಾನೇ ತೆರೆಯುವುದು. ಮೊದಲ ಮಳೆಗಳು ಉಪ್ಪನ್ನು ತೊಳೆದ ಮೇಲೆ ಕೊರಗುಟ್ ಎಂಬ ಭತ್ತವನ್ನು ಬಿತ್ತುವರು. ಅದು ನಮ್ಮ ಕಗ್ಗ ಭತ್ತದಂತೆ ಉಪ್ಪನ್ನು ತಾಳಬಲ್ಲದು. ತೂಬಿನ ಬಳಿ ಮೀನು, ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕುವರು.

ಒಡ್ಡಿನ ಹೊಣೆ ಮೊದಲು ಗಾಂವಕರಿ ಎಂಬ ಗ್ರಾಮಸಂಸ್ಥೆಯದಾಗಿತ್ತು. ಇದು ಪೋರ್ತುಗೀಜರಿಗಿಂತ ಹಳೆಯದು. ಗ್ರಾಮಗಳ ರೂಢಿ-ಕಟ್ಟಳೆಗಳನ್ನು ಅವರು 1526ರಲ್ಲಿ ಬರೆಯಿಸಿದರು. ಸಾಸಷ್ಟಿ ಅವರ ಕೈಸೇರಿದ್ದು 1543ರಲ್ಲಿ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. 1964ರ ಗೇಣಿ ಕಾಯ್ದೆ ಬಂದ ಮೇಲೆ ಒಡ್ಡಿನ ಹೊಣೆ ಗೇಣಿದಾರರ ಸಂಘಗಳಿಗೆ ಬಂದಿತು.

ಎರಡರ ಸಂಬಂಧ

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮಣ್ಣಿನ ಒಡ್ಡು ಮೆಲ್ಲನೆ ಏರುವ ಉಬ್ಬರವನ್ನು ತಡೆಯಬಲ್ಲದು, ಕಡಲ ಅಲೆಯ ನೇರ ಹೊಡೆತವನ್ನು ತಾಳಲಾರದು. ಆ ಹೊಡೆತವನ್ನು ಎದೆಯೊಡ್ಡಿ ತಾಳುವುದು ಹೊರಗಿನ ಮರಳು. ಅದಿರುವುದರಿಂದಲೇ ಒಳಗಿನ ಹೊಳೆ ಶಾಂತ, ಹೊಳೆಯಂಚಿನ ಗದ್ದೆ ಭದ್ರ.

ಸಿಹಿನೀರಿಗೂ ಮರಳೇ ಆಸರೆ. ಮಳೆಯ ನೀರು ದಿಣ್ಣೆಯಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ಹಗುರಾಗಿ ನಿಲ್ಲುವುದು. ಪಂಪಿನಿಂದ ಮಿತಿಮೀರಿ ಎಳೆದರೆ ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುವುದು.

ಕಳೆದ ಕೆಲವು ದಶಕಗಳಲ್ಲಿ ಈ ಕಿರಿದಾದ ನೆಲದ ಮೇಲೆ ದೊಡ್ಡ ಹೋಟೆಲುಗಳು ಎದ್ದಿವೆ. ದಿಣ್ಣೆಗಳನ್ನು ಅಲ್ಲಲ್ಲಿ ಸಮತಟ್ಟು ಮಾಡಲಾಗಿದೆ. ಕರಾವಳಿ ನೆಲವನ್ನು ಕಾಯಲು ಕೇಂದ್ರ ಸರಕಾರ 1991ರಲ್ಲಿ ಅಧಿಸೂಚನೆ ಹೊರಡಿಸಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಹೊಸದಾಗಿ ಬರೆಯಿತು. ಆದರೆ ಕಾಗದ ಒಡ್ಡನ್ನು ಕಾಯದು, ಊರಿನವರ ಕಣ್ಣು ಕಾಯಬೇಕು.

ಕರಾವಳಿಯಲ್ಲಿ ಬೇಸಾಯ ಮಾಡುವ ನಮ್ಮವರು ಇಷ್ಟನ್ನು ನೆನಪಿಡತಕ್ಕದ್ದು:

1. ದಿಣ್ಣೆಯ ಮರಳನ್ನು ಮನೆಗೆಲಸಕ್ಕೆಂದು ಅಗೆಯಬಾರದು. ಅದರ ಬಳ್ಳಿ-ಹುಲ್ಲನ್ನು ಕಿತ್ತು ಸ್ವಚ್ಛ ಮಾಡಬಾರದು.
2. ಹೊಳೆಯಂಚಿನ ಕಾಂಡ್ಲಾ ಗಿಡಗಳನ್ನು ಕಡಿಯಬಾರದು. ಅವು ಒಡ್ಡಿನ ಬುಡವನ್ನು ಅಲೆಯಿಂದ ಕಾಪಾಡುವುವು.
3. ಏಡಿ ಕೊರೆದ ತೂತು ಸಣ್ಣದಿರುವಾಗಲೇ ಮುಚ್ಚಬೇಕು. ಒಡ್ಡು ಒಮ್ಮೆ ಒಡೆದು ಉಪ್ಪುನೀರು ನುಗ್ಗಿದರೆ ಆ ವರ್ಷದ ಬೆಳೆ ಹೋಯಿತೆಂದೇ ತಿಳಿಯಿರಿ.
4. ದಂಡೆಯ ಬಾವಿಗಳಿಂದ ನೀರನ್ನು ಮಿತವಾಗಿ ಎತ್ತಬೇಕು.

ಒಬ್ಬನ ಗದ್ದೆಯ ಮುಂದಿನ ಒಡ್ಡು ಕುಸಿದರೆ ಮುಳುಗುವುದು ಎಲ್ಲರ ಗದ್ದೆ. ಆದುದರಿಂದ ಮಳೆಗಾಲಕ್ಕೆ ಮುನ್ನ ಊರಿನವರು ಕೂಡಿ ಮಣ್ಣಿನ ಒಡ್ಡನ್ನು ನೋಡಿಬರುವ ದಿನವೇ, ಹೊರಗಿನ ಮರಳನ್ನೂ ಒಮ್ಮೆ ನಡೆದು ನೋಡಿಬರುವುದು ಲೇಸು.