ಒಂದು ರೂಪಾಯಿಯಲ್ಲಿ 20 ಪೈಸೆ ಬಡ್ಡಿ

ನಮ್ಮ ಮನೆಯ ಉರ್ದುವಿನಲ್ಲಿ ‘ಸಾಲ್’ ಎಂದರೆ ವರ್ಷ, ಕನ್ನಡದಲ್ಲಿ ‘ಸಾಲ’ ಎಂದರೆ ಕರ್ಜ್. ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಬಜೆಟ್ ಪಾಠ ಓದುವಾಗ ಈ ಎರಡನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಒಂದು ವರ್ಷದಲ್ಲಿ ಬೀಳುವುದು ಕೊರತೆ, ವರ್ಷ ವರ್ಷವೂ ಕೂಡುತ್ತಾ ಬಂದದ್ದು ಸಾಲ. ನಮ್ಮ ಕ್ಲಾಸಿನಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ. ಹಾಗಾಗಿ ಪಾಠದ ವ್ಯಾಖ್ಯೆಗಳನ್ನು ಕೇಂದ್ರ ಸರ್ಕಾರದ 2025-26ರ ಬಜೆಟ್ ಅಂದಾಜಿನ ಮೇಲೆ ಇಟ್ಟು ನೋಡೋಣ.

ಒಟ್ಟು ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಸಾಲ ಬಿಟ್ಟು ಬರುವ ಹಣವೆಲ್ಲ ಸೇರಿ 34.96 ಲಕ್ಷ ಕೋಟಿ. ಕಳೆದರೆ 15.69 ಲಕ್ಷ ಕೋಟಿ. ಇದೇ ವಿತ್ತೀಯ ಕೊರತೆ, ಜಿಡಿಪಿಯ 4.4%. ಇಷ್ಟನ್ನು ಆ ವರ್ಷ ಸಾಲವಾಗಿ ತರಬೇಕು. ಇದರಿಂದ ಹಳೆಯ ಸಾಲದ ಬಡ್ಡಿ 12.76 ಲಕ್ಷ ಕೋಟಿಯನ್ನು ಕಳೆಯಿರಿ. ಉಳಿಯುವುದು 2.93 ಲಕ್ಷ ಕೋಟಿ, ಅದು ಪ್ರಾಥಮಿಕ ಕೊರತೆ. ಪುಸ್ತಕದಲ್ಲಿ ಇದು ಒಂದೇ ಸಾಲಿನ ಸೂತ್ರ. ಅಂಕಿ ಹಾಕಿದ ಮೇಲೆ ನೋಡಿ, ಹೊಸದಾಗಿ ಮಾಡುವ ಸಾಲದ ಬಹುಪಾಲು ಹಳೆಯ ಸಾಲದ ಬಡ್ಡಿಗೆ ಸಮ.

ರಾಜಸ್ವ ಕೊರತೆ ಸುಮಾರು 5.24 ಲಕ್ಷ ಕೋಟಿ. ಎಂದರೆ ಸಾಲದ ಮೂರನೇ ಒಂದು ಪಾಲು ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿಯಂಥ ಆಯಾ ವರ್ಷದಲ್ಲೇ ಮುಗಿದುಹೋಗುವ ಖರ್ಚಿಗೆ ಹೋಗುತ್ತದೆ. ಉಳಿದದ್ದು ರೈಲು, ರಸ್ತೆಯಂಥ ಬಂಡವಾಳ ವೆಚ್ಚಕ್ಕೆ. ನನ್ನ ಮಟ್ಟಿಗೆ, ಸಾಲ ಎಷ್ಟು ಎನ್ನುವುದಕ್ಕಿಂತ ಈ ಭಾಗ ಹೆಚ್ಚು ಮುಖ್ಯ. ಅಂಗಡಿ ಹಾಕಲು ಮಾಡಿದ ಸಾಲವೂ ಮನೆ ರೇಷನ್‌ಗೆ ಮಾಡಿದ ಸಾಲವೂ ಒಂದೇ ಅಲ್ಲ ಎಂದು ಅಕೌಂಟೆನ್ಸಿ ಓದುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ತೆರಿಗೆ. ‘ನಮ್ಮ ಮನೆಯಲ್ಲಿ ಯಾರೂ ಟ್ಯಾಕ್ಸ್ ಕಟ್ಟುವುದಿಲ್ಲ’ ಎಂದು ಅನೇಕರು ಹೇಳುತ್ತಾರೆ. ಆದಾಯ ತೆರಿಗೆಯ ಮಟ್ಟಿಗೆ ನಿಜ ಇರಬಹುದು. ಆದರೆ ಕೇಂದ್ರಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ 18 ಪೈಸೆ ಜಿಎಸ್‌ಟಿ, 5 ಪೈಸೆ ಅಬಕಾರಿ ಸುಂಕ. ಮೊಬೈಲ್ ರೀಚಾರ್ಜ್ ಮಾಡಿಸಿದವರೆಲ್ಲ 18% ಜಿಎಸ್‌ಟಿ ಕೊಟ್ಟಿದ್ದಾರೆ. ಅಬ್ಬಾ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಾಗ ಕೇಂದ್ರದ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಅದರಲ್ಲೇ ಸೇರಿರುತ್ತದೆ. ಆದಾಯ ತೆರಿಗೆಯ ಪಾಲು 22 ಪೈಸೆ, ಕಂಪನಿಗಳ ತೆರಿಗೆ 17. ಎಲ್ಲಕ್ಕಿಂತ ದೊಡ್ಡದು ಸಾಲ: 24 ಪೈಸೆ.

ಈ ಸಾಲ ಕೊಡುವವರು ಯಾರು? ವಿದೇಶಗಳೇ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಕೇಂದ್ರದ ಸಾಲದಲ್ಲಿ ಬಹುಪಾಲು ದೇಶದೊಳಗಿನದ್ದೇ. ಬ್ಯಾಂಕುಗಳು, ಎಲ್‌ಐಸಿಯಂಥ ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು ಸರ್ಕಾರದ ಬಾಂಡ್ ಕೊಳ್ಳುತ್ತವೆ. ಅಂಚೆ ಕಚೇರಿಯ ಉಳಿತಾಯವೂ ಸರ್ಕಾರಕ್ಕೆ ಹೋಗುವ ಸಾಲವೇ. ದಾದಿಯ ಅಂಚೆ ಪಾಸ್‌ಬುಕ್ಕಿನಲ್ಲಿ ಜಮೆ ಎಂದು ಕಾಣುವುದು ಸರ್ಕಾರದ ಲೆಕ್ಕದಲ್ಲಿ ಸಾಲ. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕಲ್ಲ!

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕನ್ನಡದಲ್ಲೂ ಇದೆ, ಚಾದರ್ ಹೆಸರಿನಲ್ಲಿ ಉರ್ದುವಿನಲ್ಲೂ ಇದೆ. ಮನೆಗೆ ಸರಿ, ಸರ್ಕಾರಕ್ಕೆ ಪೂರ್ತಿ ಸರಿಹೊಂದುವುದಿಲ್ಲ. ಸರ್ಕಾರಕ್ಕೆ ನಿವೃತ್ತಿ ಇಲ್ಲ, ಅದರ ಆದಾಯ ದೇಶದ ಜೊತೆ ಬೆಳೆಯುತ್ತದೆ. ಕೊರೊನಾ ವರ್ಷ 2020-21ರಲ್ಲಿ ವಿತ್ತೀಯ ಕೊರತೆ ಜಿಡಿಪಿಯ 9.2% ಮುಟ್ಟಿತು. ತೆರಿಗೆ ಕುಸಿದಿತ್ತು, ಉಚಿತ ಅಕ್ಕಿ ಗೋಧಿ ಕೊಡಬೇಕಿತ್ತು. ಆಗ ಕಾಲು ಮಡಚಿಕೊಂಡಿದ್ದರೆ ಜನರ ಗತಿ ಏನಾಗುತ್ತಿತ್ತು? ಹಾಗೆಂದು ಮಿತಿಯೇ ಇಲ್ಲವೆಂದಲ್ಲ. ಕೇಂದ್ರದಲ್ಲಿ 2003ರ ವಿತ್ತೀಯ ಹೊಣೆಗಾರಿಕೆ ಕಾಯಿದೆ ಇದೆ. ಇಂಥ ಕಾಯಿದೆಯನ್ನು ಅದಕ್ಕೂ ಮೊದಲೇ, 2002ರಲ್ಲಿ ತಂದದ್ದು ನಮ್ಮ ಕರ್ನಾಟಕ.

ಮಿತಿ ಏಕೆ ಬೇಕು ಎಂದು ನನಗೆ ಅರ್ಥವಾದದ್ದು ಒಂದು ಭಾಗಾಕಾರದಿಂದ. 12.76 ಲಕ್ಷ ಕೋಟಿಯನ್ನು 365ರಿಂದ ಭಾಗಿಸಿ. ದಿನಕ್ಕೆ ಸುಮಾರು 3,500 ಕೋಟಿ ಬಡ್ಡಿ. ಅದೇ ಬಜೆಟ್‌ನಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ ಇಡೀ ವರ್ಷಕ್ಕೆ ಇಟ್ಟದ್ದು 3,350 ಕೋಟಿ. ಒಂದು ದಿನದ ಬಡ್ಡಿಗಿಂತ ಕಡಿಮೆ! ಬಡ್ಡಿ ಕೊಟ್ಟ ಮಾತು, ಅದನ್ನು ಯಾವ ಹಣಕಾಸು ಮಂತ್ರಿಯೂ ಕತ್ತರಿಸಲಾರರು. ಕತ್ತರಿ ಆಡಿಸಬಹುದಾದದ್ದು ಇಂಥ ಸಣ್ಣ ಬಾಬ್ತುಗಳ ಮೇಲೆ. 2022ರಲ್ಲಿ 1ರಿಂದ 8ನೇ ತರಗತಿಯವರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಕೇಂದ್ರ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯಿದೆಯಡಿ 8ನೇ ತರಗತಿವರೆಗೆ ಉಚಿತ ಶಿಕ್ಷಣ ಇದೆಯಲ್ಲ ಎಂಬುದು ಕೊಟ್ಟ ಕಾರಣ. ಬಡ್ಡಿಯಿಂದಾಗಿಯೇ ಅದು ನಿಂತಿತು ಎಂದು ನಾನು ಹೇಳುತ್ತಿಲ್ಲ. ಆದರೆ ಫೀಸು ಇಲ್ಲದ ಶಾಲೆಗೂ ಬ್ಯಾಗು, ಚಪ್ಪಲಿ, ಬಸ್ಸು ಬೇಕು ಎನ್ನುವುದು ಇಲ್ಲಿ ಓದುವವರಿಗೆಲ್ಲ ಗೊತ್ತು.

ರಾಜ್ಯದಲ್ಲೂ ಇದೇ ವಾದ ನಡೆದಿದೆ. 2025-26ರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ಅಮ್ಮಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್‌ನಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಾರೆ, ಅಬ್ಬಾ ರಸ್ತೆಯ ಗುಂಡಿಗಳನ್ನು ಎಣಿಸುತ್ತಾರೆ. ಊಟದ ಹೊತ್ತಿನಲ್ಲಿ ಇಬ್ಬರದೂ ಚರ್ಚೆ. ನಾನು ಅಮ್ಮಿಯ ಪಕ್ಷ, ಆದರೆ ಅಬ್ಬಾ ಕೇಳುವ ‘ಗುಂಡಿ ಮುಚ್ಚುವ ದುಡ್ಡು ಎಲ್ಲಿಂದ?’ ಎಂಬ ಪ್ರಶ್ನೆಗೆ ನನ್ನ ಬಳಿ ಇನ್ನೂ ಪೂರ್ತಿ ಉತ್ತರವಿಲ್ಲ.

ಫೆಬ್ರವರಿ 1ಕ್ಕೆ ಕೇಂದ್ರ ಬಜೆಟ್ ಬಂದಾಗ ‘ಬಜೆಟ್ ಎಟ್ ಎ ಗ್ಲಾನ್ಸ್’ ಎಂಬ ಚಿಕ್ಕ ಪುಸ್ತಿಕೆಯನ್ನು ತೆರೆಯಿರಿ. ಮೂರೂ ಕೊರತೆಗಳು ಅದರಲ್ಲಿ ಒಂದೇ ಪಟ್ಟಿಯಲ್ಲಿರುತ್ತವೆ. ಮೊದಲು ಬಡ್ಡಿಯ ಸಾಲು ಹುಡುಕಿ, 365ರಿಂದ ಭಾಗಿಸಿ.